ವೈದ್ಯರ ಲೆಕ್ಕಪುಸ್ತಕ, ರೋಗಿಯ ಹಿತ

ಬೆಂಗಳೂರು ಕಡೆಯಿಂದ ಬರುವವರಿಗೆ ಕ್ಯಾತ್ಸಂದ್ರ ದಾಟಿ ತುಮಕೂರು ಹೊಗುವಾಗ ಬಟವಾಡಿ ಸಿಗುತ್ತದೆ. ಸರಕಾರಿ ಕಚೇರಿಯಲ್ಲಿ ಸವೆದ ನನ್ನಂಥವರ ಕಿವಿಗೆ ಆ ಹೆಸರು ಸಂಬಳದ ಬಟವಾಡೆಯನ್ನೇ ನೆನಪಿಸುತ್ತದೆ. ಅಲ್ಲಿನ ಎಪಿಎಂಸಿ ಪ್ರಾಂಗಣಕ್ಕೆ ಬರುವ ರೈತನಿಗೋ ಮೂಟೆ ಹೊರುವ ಹಮಾಲಿಗೋ ಜ್ವರ ಬಂದರೆ ಬೇಕಾಗುವುದು ದೊಡ್ಡ ಆಸ್ಪತ್ರೆಯಲ್ಲ, ಒಬ್ಬರೇ ವೈದ್ಯರಿರುವ ಸಣ್ಣ ಕ್ಲಿನಿಕ್. ಅಂಥ ಕ್ಲಿನಿಕ್ ಉಳಿಯುವುದು ವೈದ್ಯರ ಕೈಗುಣದಿಂದ ಎಂದು ನಾವು ನಂಬಿದ್ದೇವೆ. ಕೈಗುಣ ಬೇಕು, ನಿಜ. ಅದರಷ್ಟೇ ಲೆಕ್ಕಪುಸ್ತಕವೂ ಬೇಕು.

ಉದಾಹರಣೆಗೆ ಒಂದು ಕಾಲ್ಪನಿಕ ಕ್ಲಿನಿಕ್ಕನ್ನು ತೆಗೆದುಕೊಳ್ಳೋಣ. ದಿನಕ್ಕೆ 40 ರೋಗಿಗಳು, ತಲಾ 150 ರೂಪಾಯಿ ಶುಲ್ಕ, ತಿಂಗಳಿಗೆ 25 ದಿನ ಕೆಲಸ. ಬರಬೇಕಾದದ್ದು ಒಂದೂವರೆ ಲಕ್ಷ. ಬಾಡಿಗೆ, ಇಬ್ಬರು ಸಿಬ್ಬಂದಿಯ ಸಂಬಳ, ವಿದ್ಯುತ್ತು, ವೈದ್ಯಕೀಯ ತ್ಯಾಜ್ಯ ವಿಲೇವಾರಿ, ಉಪಕರಣಗಳ ಸಾಲದ ಕಂತು ಸೇರಿ 90 ಸಾವಿರ ಹೋಯಿತೆನ್ನಿ. ಉಳಿಯುವುದು 60 ಸಾವಿರ. ಆದರೆ ಹತ್ತು ಮಂದಿ ನೆಂಟರು, ಪರಿಚಿತರು, ನಿಜವಾಗಿಯೂ ಕೊಡಲಾರದವರು ಪ್ರತಿದಿನ ಶುಲ್ಕ ಕೊಡದೆ ಹೋದರೆ 37,500 ರೂಪಾಯಿ ಖೋತಾ. ಬಾಡಿಗೆ ಇಳಿಯುವುದಿಲ್ಲ, ಸಂಬಳ ಇಳಿಯುವುದಿಲ್ಲ. ವೈದ್ಯರ ಕೈಗೆ ಉಳಿಯುವುದು 22,500.

ಕೊರತೆ ಎಲ್ಲಿಂದಲಾದರೂ ತುಂಬಿಕೊಳ್ಳಲೇಬೇಕು. ಪ್ರಯೋಗಾಲಯದ ಕಮಿಷನ್, ಔಷಧ ಅಂಗಡಿಯ ಪಾಲು ಒಳಗೆ ನುಸುಳುವುದು ಈ ಸಂದಿನಲ್ಲೇ. ಎಲ್ಲ ಕಮಿಷನ್ನಿನ ಹಿಂದೆಯೂ ಬಡ ವೈದ್ಯರಿದ್ದಾರೆಂದು ನಾನು ವಾದಿಸುತ್ತಿಲ್ಲ. ದುರಾಸೆಗೆ ಲೆಕ್ಕಶಾಸ್ತ್ರದ ನೆಪ ಬೇಕಿಲ್ಲ. ಆದರೆ ಮುಖದೆದುರು ಕೇಳಲು ಸಂಕೋಚಪಟ್ಟ ಶುಲ್ಕವನ್ನು ರೋಗಿ ಬೇಡದ ರಕ್ತಪರೀಕ್ಷೆಯ ರೂಪದಲ್ಲಿ ತೆರುವಂತಾದರೆ ಅದು ಯಾವ ಸೀಮೆಯ ಔದಾರ್ಯ?

ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮಗಳು ಕಮಿಷನ್ನನ್ನು ನಿಷೇಧಿಸಿದವು, ಶುಲ್ಕವನ್ನು ಫಲಕದಲ್ಲಿ ಪ್ರಕಟಿಸಬೇಕೆಂದವು. ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ದರಪಟ್ಟಿಯನ್ನು ಕಡ್ಡಾಯ ಮಾಡಿತು. ಅದರ ತಿದ್ದುಪಡಿಯನ್ನು ವಿರೋಧಿಸಿ 2017ರ ನವೆಂಬರಿನಲ್ಲಿ ಖಾಸಗಿ ವೈದ್ಯರು ಬಾಗಿಲು ಹಾಕಿದ್ದು ಓದುಗರಿಗೆ ನೆನಪಿರಬಹುದು. ಸರಕಾರ ದರ ನಿಗದಿ ಮಾಡುವುದನ್ನು ವಿರೋಧಿಸುವುದು ಬೇರೆ, ತಾವೇ ನಿಗದಿ ಮಾಡಿದ ದರವನ್ನು ಗೋಡೆಗೆ ಹಾಕದಿರುವುದು ಬೇರೆ.

ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಇದರ ಬುಡವನ್ನೇ ಮುಟ್ಟಿದ್ದಾರೆ. ರೋಗಿ ತಾನು ಕೊಳ್ಳುವ ಸೇವೆಯನ್ನು ಮುಂಚಿತವಾಗಿ ಪರೀಕ್ಷಿಸಿ ನೋಡಲಾರ. ಆದ್ದರಿಂದಲೇ ವೈದ್ಯರು ಮಾರಾಟಗಾರರಂತೆ ವರ್ತಿಸುವುದನ್ನು ಸಮಾಜ ಒಪ್ಪುವುದಿಲ್ಲ. ಇಲ್ಲಿ ವಿಶ್ವಾಸವೇ ಬಂಡವಾಳ.

ಶುಲ್ಕ ಪಡೆಯದಿದ್ದರೆ ಹೊಣೆಯೂ ಇಲ್ಲ ಎಂದು ಕೆಲವರು ಭಾವಿಸುತ್ತಾರೆ. ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲೇ ಇದನ್ನು ಇತ್ಯರ್ಥಪಡಿಸಿದೆ: ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಚಿಕಿತ್ಸೆ ಕೊಡುವಲ್ಲಿ ಉಚಿತ ರೋಗಿಯೂ ಗ್ರಾಹಕನೇ.

ಇನ್ನು ತೆರಿಗೆ. ಸಣ್ಣ ವೃತ್ತಿನಿರತರು ಲೆಕ್ಕಪುಸ್ತಕವಿಡದೆ ಒಟ್ಟು ವಸೂಲಿಯ ಅರ್ಧವನ್ನೇ ಆದಾಯವೆಂದು ಘೋಷಿಸುವ ಅವಕಾಶವನ್ನು 2016ರ ಹಣಕಾಸು ಕಾಯ್ದೆ ತಂದಿತು. ಅನುಕೂಲವೇನೋ ಸರಿ. ಆದರೆ ನಮ್ಮ ಕಾಲ್ಪನಿಕ ವೈದ್ಯರ ವಸೂಲಿ ತಿಂಗಳಿಗೆ 1,12,500. ಅದರ ಅರ್ಧ 56,250. ಕೈಯಲ್ಲಿರುವುದು 22,500! ಲೆಕ್ಕವಿಲ್ಲದವರಿಗೆ ಈ ಅಂತರ ಕಾಣುವುದೇ ಇಲ್ಲ. ವೈದ್ಯಕೀಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆಯೆಂಬ ಸಮಾಧಾನವೂ ಅರ್ಧಸತ್ಯ. ಉಪಕರಣ ಕೊಳ್ಳುವಾಗ ತೆತ್ತ ತೆರಿಗೆ ಮರಳಿ ಬರುವುದಿಲ್ಲ.

ಪರಿಹಾರ ಘನವಾದದ್ದೇನಲ್ಲ. ಉಚಿತವಾಗಿ ನೋಡಿದವರ ಹೆಸರಿನ ಮುಂದೆಯೂ ಶುಲ್ಕ ಬರೆದು, ಪಕ್ಕದಲ್ಲಿ ‘ರಿಯಾಯಿತಿ’ ಎಂದು ನಮೂದಿಸುವುದು; ತಿಂಗಳ ಕೊನೆಗೆ ಕೂಡಿಸಿ ನೋಡುವುದು. ಮೇಲಿನ ಉದಾಹರಣೆಯಲ್ಲಿ ಶುಲ್ಕವನ್ನು 200ಕ್ಕೆ ಏರಿಸಿದರೆ 30 ಮಂದಿಯಿಂದಲೇ ಒಂದೂವರೆ ಲಕ್ಷ ಬರುತ್ತದೆ, ಉಳಿದ ಹತ್ತು ಮಂದಿಯನ್ನು ಉಚಿತವಾಗಿಯೇ ನೋಡಬಹುದು. ಆ ಐವತ್ತು ರೂಪಾಯಿ ಫಲಕದ ಮೇಲೆ ಎಲ್ಲರಿಗೂ ಕಾಣುವಂಥದ್ದು.

ತುಮಕೂರಿನಲ್ಲಿ ವೈದ್ಯಕೀಯ ಕಾಲೇಜುಗಳಿವೆ. ತರಬೇತಿ ವರ್ಷದಲ್ಲಿರುವ ಯುವ ವೈದ್ಯರಿಗೆ ಒಂದು ವಾರ ಜಮಾ-ಖರ್ಚಿನ ಪಾಠ ಹೇಳಿಸುವುದು ಕಷ್ಟವಲ್ಲ. ಪಾಠ ಹೇಳಲು ನಿವೃತ್ತ ಲೆಕ್ಕಾಧಿಕಾರಿಗಳು ಊರಲ್ಲಿ ಬೇಕಾದಷ್ಟಿದ್ದಾರೆ. ಬೆಳಗಿನ ವಾಯುವಿಹಾರ ಮುಗಿದ ಮೇಲೆ ಅವರಿಗೂ ಕೆಲಸವಿರುವುದಿಲ್ಲ.