ಕರಿಬಂಡೆಯ ಗುಹೆ, ವಿಭೂತಿಯ ಅಬ್ಬಿ

ಯಾಣದ ಗುಹೆ ಕುಮಟಾ ತಾಲೂಕಿನ ಕಾಡಿನಲ್ಲಿ, ಕುಮಟಾ ಪಟ್ಟಣದಿಂದ ಸುಮಾರು 30 ಕಿ.ಮೀ. ದೂರದಲ್ಲಿದೆ. ಭೈರವೇಶ್ವರ ಶಿಖರದ ಎತ್ತರ 120 ಮೀಟರ್, ಪಕ್ಕದ ಮೋಹಿನಿ ಶಿಖರದ್ದು 90 ಮೀಟರ್. ಕರಾವಳಿಯಲ್ಲಿ ಬೆವರು ಆರದ ಏಪ್ರಿಲ್‌ನಲ್ಲೂ ಭೈರವೇಶ್ವರ ಬಂಡೆಯ ಸಂದಿಯೊಳಗೆ ಕಾಲಿಟ್ಟೊಡನೆ ಮೈಗೆ ತಂಪು ತಟ್ಟುತ್ತದೆ.

ಬೇಸಿಗೆಯಲ್ಲಿ ಹಿಮಲಿಂಗ ಕಾಣಲು ಜನ 3,888 ಮೀಟರ್ ಎತ್ತರದ ಅಮರನಾಥಕ್ಕೆ ಹತ್ತುತ್ತಾರೆ. ಯಾಣದ ಗುಹೆಯಲ್ಲಿರುವ ಲಿಂಗಕ್ಕೆ ಮಂಜಿಲ್ಲ, ಮೇಲಿನ ಬಂಡೆಯಿಂದ ತೊಟ್ಟಿಕ್ಕುವ ನೀರೇ ಅಭಿಷೇಕ. ಇಲ್ಲಿನ ತಂಪಿಗೆ ಕಾರಣ ಸರಳ. ಎತ್ತರದ ಗೋಡೆಗಳ ನಡುವೆ ಬಿಸಿಲು ಇಳಿಯುವುದು ಸ್ವಲ್ಪ ಹೊತ್ತು ಮಾತ್ರ. ದಪ್ಪ ಕಲ್ಲು ಬೇಗ ಕಾಯುವುದಿಲ್ಲ. ಒದ್ದೆ ಬಂಡೆಯಿಂದ ಆವಿಯಾಗುವ ನೀರು ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಅಂಗಳಕ್ಕೆ ನೀರು ಚಿಮುಕಿಸಿ ಸಂಜೆಯ ಸೆಕೆ ಕಳೆಯುವ ಮನೆಮಂದಿಗೆ ಇದು ಗೊತ್ತಿರುವ ಉಪಾಯವೇ.

ಗುಹೆಯನ್ನು ಕೊರೆದದ್ದೂ ನೀರೇ. ಯಾಣದ ಬಂಡೆ ಸುಣ್ಣಕಲ್ಲು. ಮಳೆನೀರು ಗಾಳಿಯಿಂದಲೂ ಕಾಡಿನ ತರಗೆಲೆ ಕೊಳೆತ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿನೀರು ಬಿರುಕಿನಲ್ಲಿ ಇಳಿಯುತ್ತ ಸುಣ್ಣವನ್ನು ಕರಗಿಸಿ ಒಯ್ಯುತ್ತದೆ. ಬಿರುಕು ಸಂದಿಯಾಗುತ್ತದೆ, ಸಂದಿ ಗುಹೆಯಾಗುತ್ತದೆ. ಗೋಡೆಗೆ ಕೈಯಾಡಿಸಿದರೆ ಈ ಕೆಲಸದ ಗುರುತು ಸಿಗುತ್ತದೆ: ಕೆಲವು ಕಡೆ ಕತ್ತಿಯಂಥ ಚೂಪು ಅಂಚು, ಪಕ್ಕದಲ್ಲೇ ಒಳಗುಳಿದ ನುಣುಪು ಗುಳಿ.

ಬಂಡೆಯ ಕಪ್ಪಿಗೆ ಊರಿನವರು ಒಂದು ಕಥೆ ಹೇಳುತ್ತಾರೆ. ಮೋಹಿನಿಯ ಕುಣಿತಕ್ಕೆ ಮರುಳಾಗಿ ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಉರಿದುಹೋದದ್ದು ಇಲ್ಲಿಯೇ ಎಂಬುದು ಐತಿಹ್ಯ. ಶಿವರಾತ್ರಿಗೆ ಇಲ್ಲಿ ದೊಡ್ಡ ಜಾತ್ರೆ. ‘ಸೊಕ್ಕಿದ್ದರೆ ಯಾಣ, ರೊಕ್ಕವಿದ್ದರೆ ಗೋಕರ್ಣ’ ಎಂಬ ಗಾದೆ, ದಾರಿಯೇ ಇಲ್ಲದ ಕಾಲದಲ್ಲಿ ಈ ಕಾಡು ಹೊಕ್ಕವರ ಗಟ್ಟಿತನಕ್ಕೆ ಸಾಕ್ಷಿ. ಈಗ ಬಂಡೆಯ ಹತ್ತಿರದವರೆಗೂ ರಸ್ತೆಯಿದೆ. ಆದರೂ ಕುಮಟಾ ಕಡೆಯಿಂದ ಕಾಡಿನೊಳಗೆ ನಡೆದು ಬರುವುದೇ ಮೇಲು. ಮರಗಳ ಮೇಲೆ ಕರಿ ಶಿಖರ ಒಮ್ಮೆಗೇ ತಲೆಯೆತ್ತುವುದನ್ನು ನಡೆದವರು ಮಾತ್ರ ಕಾಣುತ್ತಾರೆ.

ಅಲ್ಲಿಂದ ಸುಮಾರು ಹತ್ತು ಕಿ.ಮೀ. ದೂರದಲ್ಲಿ, ಅಂಕೋಲಾ ತಾಲೂಕಿನ ಮಾಬಗಿಯ ಬಳಿ ವಿಭೂತಿ ಜಲಪಾತವಿದೆ. ಅಲ್ಲಿಯೂ ಸುಣ್ಣಕಲ್ಲೇ. ಬಿಳಿಚಿದ ಆ ಕಲ್ಲಿನಿಂದಲೇ ಅಬ್ಬಿಗೆ ವಿಭೂತಿ ಎಂಬ ಹೆಸರು ಬಂತು. ಬೇಸಿಗೆಯಲ್ಲಿ ಧಾರೆ ಸಣ್ಣದಾಗುತ್ತದೆ, ಕೆಳಗಿನ ಗುಂಡಿಯ ನೀರು ತಿಳಿಯಾಗುತ್ತದೆ. ಮಳೆಗಾಲದ ಉಂಬಳದ ಕಾಟವೂ ಆಗ ಇರುವುದಿಲ್ಲ.

ಹೊನ್ನಾವರದ ಸಮೀಪದ ಅಪ್ಸರಕೊಂಡದಲ್ಲೂ ಗುಹೆ ಮತ್ತು ಅಬ್ಬಿ ಜೊತೆಗೇ ಇವೆ, ಕಲ್ಲು ಮಾತ್ರ ಬೇರೆ. ಅದು ಭಟ್ಕಳದಿಂದ ಕುಮಟಾದವರೆಗೆ ಮನೆಯ ಗೋಡೆ ಕಟ್ಟುವ ಚಿರೆಕಲ್ಲು. ಅದರಲ್ಲಿ ಗಟ್ಟಿ ಪದರ ಮೇಲಿದ್ದು, ಅಡಿಯ ಮೆದು ಮಣ್ಣು ಕೊಚ್ಚಿಹೋದರೆ ಪೊಳ್ಳಾಗುತ್ತದೆ. ಪಾಂಡವರು ತಂಗಿದ್ದರೆಂದು ಜನ ನಂಬುವ ಗುಹೆಗಳು ಇಲ್ಲಿವೆ.

ಯಾಣದ ಬಂಡೆಗಳಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ಅದರ ಕೆಳಗೆ ಹೊಗೆ, ಗಲಾಟೆ ಕೂಡದು. ಕೆರಳಿದ ಹಿಂಡಿನಿಂದ ತಪ್ಪಿಸಿಕೊಳ್ಳಲು ಆ ಕಿರಿದಾದ ಸಂದಿಗಳಲ್ಲಿ ಜಾಗವಿಲ್ಲ. ಮೇ ತಿಂಗಳ ಗುಡುಗುಮಳೆ ಘಟ್ಟದ ಮೇಲೆ ಬಿದ್ದರೆ, ಕೆಳಗೆ ಬಿಸಿಲಿದ್ದಾಗಲೂ ಹಳ್ಳದಲ್ಲಿ ಕೆಂಪು ನೀರು ಏರುತ್ತದೆ. ನೀರು ಕದಡಿತೆಂದರೆ ಅಬ್ಬಿಯ ಗುಂಡಿಯಿಂದ ತಕ್ಷಣ ಮೇಲೆ ಬರಬೇಕು.