ಸೇಡಿನವನು, ಪತ್ತೇದಾರ ಮತ್ತು ನಂಜೇರಿದ ಊರು

ಹಿಯರೋನಿಮೊ ಸ್ಪೇನಿನ ಆಸ್ಥಾನದ ನ್ಯಾಯಾಧಿಕಾರಿ. ಬೆಳಗಾದರೆ ಊರವರ ಅಹವಾಲು ಕೇಳಿ ತೀರ್ಪು ಕೊಡುವುದು ಅವನ ಕೆಲಸ. ಒಂದು ರಾತ್ರಿ ಹೆಣ್ಣಿನ ಕೂಗು ಕೇಳಿ ಹಾಸಿಗೆಯಿಂದೆದ್ದು ತನ್ನದೇ ತೋಟಕ್ಕೆ ಓಡುತ್ತಾನೆ. ಅಲ್ಲಿ ಬಳ್ಳಿಚಪ್ಪರದಲ್ಲಿ ಒಂದು ಹೆಣ ನೇತಾಡುತ್ತಿದೆ. ಹಗ್ಗ ಕತ್ತರಿಸಿ ಇಳಿಸಿ ನೋಡಿದರೆ ಸ್ವಂತ ಮಗ. ಕೊಂದವರಲ್ಲಿ ಒಬ್ಬ ರಾಜನ ತಮ್ಮನ ಮಗ, ಇನ್ನೊಬ್ಬ ಪೋರ್ಚುಗಲ್ಲಿನ ರಾಜಕುಮಾರ. ರಾಜನ ಮುಂದೆ ನ್ಯಾಯ ಕೇಳಲು ಹೋದರೆ ಕೊಲೆಗಾರನೇ ಅಡ್ಡ ನಿಂತು ಅವನಿಗೆ ಹುಚ್ಚನ ಪಟ್ಟ ಕಟ್ಟುತ್ತಾನೆ. ಆಮೇಲೊಂದು ದಿನ ಎಂದಿನಂತೆ ಜನ ಕಾಗದಪತ್ರ ಹಿಡಿದು ಬರುತ್ತಾರೆ. ಒಬ್ಬನದು ಸಾಲದ ವ್ಯಾಜ್ಯ, ಇನ್ನೊಬ್ಬನದು ಗೇಣಿಯ ತಕರಾರು. ಜೊತೆಗೆ ಬಜುಲ್ಟೊ ಎಂಬ ಮುದುಕ. ಅವನದೂ ಮಗನ ಕೊಲೆಯ ದೂರು. ಹಿಯರೋನಿಮೊ ಊರವರ ಪತ್ರಗಳನ್ನು ಹಲ್ಲಿನಿಂದ ಕಚ್ಚಿ ಹರಿದುಹಾಕುತ್ತಾನೆ.

ಇದು 1587ರ ಸುಮಾರಿಗೆ ಥಾಮಸ್ ಕಿಡ್ ಬರೆದ ‘ದಿ ಸ್ಪ್ಯಾನಿಷ್ ಟ್ರ್ಯಾಜಿಡಿ’. ಲಂಡನ್ನಿನ ಜನ ಮುಗಿಬಿದ್ದು ನೋಡಿದ ನಾಟಕ. ಇಂಗ್ಲಿಷ್ ರಂಗಭೂಮಿಯ ಸೇಡಿನ ನಾಟಕಗಳೆಲ್ಲ, ‘ಹ್ಯಾಮ್ಲೆಟ್’ ಕೂಡ ಸೇರಿದಂತೆ, ಇದರ ಮನೆಯವೇ.

ದುರಂತ ನಾಯಕರನ್ನು ನಮಗೆ ಪಾಠ ಮಾಡುವುದು ಬೇರೆ ಥರ. ಮ್ಯಾಕ್‌ಬೆತ್‌ಗೆ ಅಧಿಕಾರದಾಸೆ, ಒಥೆಲೊಗೆ ಅಸೂಯೆ, ಹ್ಯಾಮ್ಲೆಟ್‌ಗೆ ಹಿಂಜರಿಕೆ ಎಂದು ಒಬ್ಬೊಬ್ಬನಿಗೆ ಒಂದೊಂದು ದೋಷ ಹಂಚಿಬಿಟ್ಟರೆ ಪರೀಕ್ಷೆಯ ಉತ್ತರ ಮುಗಿಯಿತು. ಕುವೆಂಪು ‘ಹ್ಯಾಮ್ಲೆಟ್’ ಅನ್ನು ‘ರಕ್ತಾಕ್ಷಿ’ಯಾಗಿ ಬಿದನೂರಿನ ಅರಮನೆಗೆ ತಂದರು. ಅದನ್ನು ಓದಿದವರಿಗೆ ಕಣ್ಣಿಗೆ ಹೊಡೆಯುವುದು ಒಬ್ಬ ತರುಣನ ಹಿಂಜರಿಕೆ ಒಂದೇ ಅಲ್ಲ, ಒಳಸಂಚಿನಿಂದ ಕೆಟ್ಟುಹೋದ ಇಡೀ ಅರಮನೆ. ನನ್ನ ಮಾತೂ ಅದೇ. ಈ ನಾಯಕರು ಕಳಂಕವನ್ನು ಹುಟ್ಟುವಾಗಲೇ ಹೊತ್ತು ಬಂದವರಲ್ಲ. ನ್ಯಾಯ ಕೊಡಬೇಕಾದ ಪೀಠವೇ ಅಪರಾಧಿಯ ಕೈಯಲ್ಲಿರುವ ಊರಿನಲ್ಲಿ ನ್ಯಾಯದ ಕೆಲಸಕ್ಕೆ ಕೈಹಾಕುತ್ತಾರೆ, ಆ ಕೆಲಸವೇ ಅವರಿಗೆ ಕಳಂಕ ಹತ್ತಿಸುತ್ತದೆ. ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರ ಅಮೆರಿಕದಲ್ಲಿ ಹುಟ್ಟಿದ ಹಾರ್ಡ್‌ಬಾಯಿಲ್ಡ್ ಪತ್ತೇದಾರನಿಗೆ, ಮಳೆಕೋಟು ತೊಟ್ಟು ವಿಸ್ಕಿ ಕುಡಿಯುವ ಆ ಒರಟನಿಗೆ, ಬಂದದ್ದೂ ಇದೇ ಪಾಡು.

ಆ ಕಾಲದ ಇಂಗ್ಲೆಂಡಿಗೆ ಇದು ಬರಿಯ ರಂಗದ ಕಲ್ಪನೆಯಾಗಿರಲಿಲ್ಲ. ಸೇಡೆಂಬುದು ಕಳೆ, ಕಾನೂನು ಅದನ್ನು ಕಿತ್ತುಹಾಕಬೇಕು ಎಂಬರ್ಥದ ಪ್ರಬಂಧವನ್ನು ಫ್ರಾನ್ಸಿಸ್ ಬೇಕನ್ 1625ರಲ್ಲಿ ಪ್ರಕಟಿಸಿದ. ಅದಕ್ಕೆ ನಾಲ್ಕು ವರ್ಷ ಮುಂಚೆ, 1621ರಲ್ಲಿ, ಇದೇ ಬೇಕನ್ ಲಂಚ ತಿಂದನೆಂದು ಲಾರ್ಡ್ ಚಾನ್ಸಲರ್ ಪದವಿ ಕಳೆದುಕೊಂಡಿದ್ದ. ದೇಶದ ಅತಿ ದೊಡ್ಡ ನ್ಯಾಯಪೀಠದಲ್ಲಿ ಕೂತವನ ಕಥೆಯೇ ಇದಾದರೆ, ಹಿಯರೋನಿಮೊನ ಕೂಗು ಅಂದಿನ ಪ್ರೇಕ್ಷಕರಿಗೆ ಎಷ್ಟು ಹತ್ತಿರದಿಂದ ಕೇಳಿಸಿರಬೇಕು! ನಾಟಕಗಳನ್ನು ಮೊದಲೇ ಓದಿ ಅನುಮತಿ ಕೊಡುವ ಅಧಿಕಾರಿ ಅರಮನೆಯಲ್ಲೇ ಇದ್ದುದರಿಂದ ಕವಿಗಳು ಕಥೆಯನ್ನು ಇಟಲಿಗೋ ಸ್ಪೇನಿಗೋ ಸಾಗಿಸುತ್ತಿದ್ದರು. ನೋಡುವವರಿಗೆ ಅದು ಯಾವ ಊರೆಂದು ಬಿಡಿಸಿ ಹೇಳಬೇಕಿರಲಿಲ್ಲ.

1607ರಲ್ಲಿ ಕರ್ತೃವಿನ ಹೆಸರಿಲ್ಲದೆ ಅಚ್ಚಾದ ‘ದಿ ರಿವೆಂಜರ್ಸ್ ಟ್ರ್ಯಾಜಿಡಿ’ಯನ್ನು ಈಗ ಹೆಚ್ಚಿನ ವಿದ್ವಾಂಸರು ಥಾಮಸ್ ಮಿಡಲ್‌ಟನ್ನನದು ಎನ್ನುತ್ತಾರೆ. ಅದರ ನಾಯಕ ವಿಂಡಿಚೆ ರಂಗಕ್ಕೆ ಬರುವುದೇ ಕೈಯಲ್ಲಿ ಒಂದು ತಲೆಬುರುಡೆ ಹಿಡಿದು. ಅದು ಅವನ ಪ್ರೇಯಸಿ ಗ್ಲೋರಿಯಾನಳದು. ತನ್ನ ಕಾಮಕ್ಕೆ ಒಪ್ಪಲಿಲ್ಲವೆಂದು ಮುದಿ ಡ್ಯೂಕ್ ಅವಳಿಗೆ ವಿಷವುಣಿಸಿದ್ದ. ಅದಾಗಿ ಒಂಬತ್ತು ವರ್ಷ. ವಿಂಡಿಚೆ ವೇಷ ಮರೆಸಿಕೊಂಡು ಡ್ಯೂಕನ ಮಗನಿಗೆ ತಲೆಹಿಡುಕನಾಗಿ ಸೇರುತ್ತಾನೆ. ಮೊದಲ ಕೆಲಸವಾಗಿ ಅವನಿಗೆ ಒಪ್ಪಿಸುವುದು ಅವನದೇ ತಂಗಿಯನ್ನು ಒಲಿಸಿ ಕರೆತರುವ ಕೆಲಸ. ಮಾತಿನ ಚಾತುರ್ಯವನ್ನೆಲ್ಲ ಸುರಿದು ವಾದಿಸುತ್ತಾನೆ. ತಂಗಿ ಜಗ್ಗುವುದಿಲ್ಲ, ಹೆತ್ತ ತಾಯಿ ಹಣಕ್ಕೆ ಸೋಲುತ್ತಾಳೆ. ವೇಷ ಎಲ್ಲಿ ಮುಗಿಯಿತು, ಮನುಷ್ಯ ಎಲ್ಲಿ ಶುರುವಾದ ಎಂದು ಹೇಳಲಾಗದಂತೆ ಕವಿ ಆ ದೃಶ್ಯವನ್ನು ಬರೆದಿದ್ದಾನೆ. ಆಮೇಲೆ ವಿಂಡಿಚೆ ಅದೇ ಬುರುಡೆಗೆ ಮುಸುಕು, ಉಡುಪು ತೊಡಿಸಿ, ತುಟಿಯಿದ್ದ ಜಾಗಕ್ಕೆ ವಿಷ ಬಳಿದು, ಕತ್ತಲೆಯಲ್ಲಿ ಕಾದಿರುವ ಹಳ್ಳಿಹುಡುಗಿ ಎಂದು ಡ್ಯೂಕನ ಮುಂದೆ ನಿಲ್ಲಿಸುತ್ತಾನೆ. ಡ್ಯೂಕ್ ಮುತ್ತಿಡುತ್ತಾನೆ, ಅವನ ಬಾಯಿ ಕೊಳೆತು ಬೀಳುತ್ತದೆ. ಪ್ರೀತಿಸಿದವಳ ಮಾನಕ್ಕಾಗಿ ಹೊರಟವನು ಅವಳನ್ನು ಯಾವ ಕೆಲಸಕ್ಕೆ ಬಳಸಿಕೊಂಡ ನೋಡಿ: ಡ್ಯೂಕ್ ಬಯಸಿದ್ದ ಅದೇ ಕೆಲಸಕ್ಕೆ. ಕೊನೆಯಲ್ಲಿ ಹೊಸ ದೊರೆ ಆಂಟೋನಿಯೊನ ಮುಂದೆ ವಿಂಡಿಚೆ ಡ್ಯೂಕನನ್ನು ತಾನೇ ಕೊಂದೆನೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಅವನನ್ನು ಕೊಂದ ನೀನು ನಾಳೆ ನನ್ನನ್ನೂ ಕೊಲ್ಲುತ್ತೀಯ ಎಂದು ಆಂಟೋನಿಯೊ ಮರಣದಂಡನೆ ವಿಧಿಸುತ್ತಾನೆ.

ಪತ್ತೇದಾರನಿಗೆ ಇನ್ನೂ ಹತ್ತಿರದ ಸಂಬಂಧಿ ಜಾನ್ ವೆಬ್‌ಸ್ಟರನ ‘ದಿ ಡಚೆಸ್ ಆಫ್ ಮಾಲ್ಫಿ’ಯ ಬೊಸೊಲ. ಹಳೆಯ ಸೈನಿಕ, ಕೊಲೆಯೊಂದಕ್ಕೆ ಹಡಗಿನ ಹುಟ್ಟು ಹಾಕುವ ಶಿಕ್ಷೆ ಉಂಡು ಬಂದವನು. ಸಂಬಳಕ್ಕೆ ಬೇಹುಗಾರಿಕೆ ಹಿಡಿಯುತ್ತಾನೆ. ಮಾಡುವ ಕೆಲಸ ಹೊಲಸೆಂದು ಅವನಿಗೆ ಗೊತ್ತು, ಗೊತ್ತಿದ್ದೂ ಮಾಡುತ್ತಾನೆ. ತಮ್ಮ ಅಂತಸ್ತಿಗೆ ತಕ್ಕವನಲ್ಲದವನನ್ನು ಮದುವೆಯಾದಳೆಂದು ಡಚೆಸ್‌ಳ ಅಣ್ಣತಮ್ಮಂದಿರಿಗೆ ಕೋಪ. ಅವರ ಆಣತಿಯಂತೆ ಬೊಸೊಲ ನಿಂತು ಅವಳ ಕತ್ತು ಹಿಸುಕಿಸುತ್ತಾನೆ. ಅವಳು ಸಾವನ್ನು ಎದುರಿಸಿದ ರೀತಿ ಕಂಡಮೇಲೆ ಅವನೊಳಗೆ ಏನೋ ಮುರಿಯುತ್ತದೆ, ಅವಳ ಪರವಾಗಿ ಸೇಡಿಗೆ ನಿಲ್ಲುತ್ತಾನೆ. ಕತ್ತಲಲ್ಲಿ ಅವನ ಕತ್ತಿ ಮೊದಲು ಬೀಳುವುದು ಮಾತ್ರ ಅವನು ಉಳಿಸಬೇಕೆಂದಿದ್ದ ಅವಳ ಗಂಡನ ಮೇಲೆ. ನನಗೆ ಹ್ಯಾಮ್ಲೆಟ್‌ಗಿಂತ ಬೊಸೊಲನೇ ಹೆಚ್ಚು ಕಾಡುತ್ತಾನೆ. ಅವನು ರಾಜಕುಮಾರನಲ್ಲ, ಕೂಲಿಯವನು. ಅವನ ಆತ್ಮಸಾಕ್ಷಿಗೂ ಅನ್ನ ಬೇಕು.

ಈ ಎರಡು ಲೋಕಗಳ ನಡುವೆ ಒಂದು ನಿಜವಾದ ಸೇತುವೆಯೂ ಇದೆ. ಕ್ರಿಸ್ಟೋಫರ್ ಮಾರ್ಲೊನ ಡಾಕ್ಟರ್ ಫಾಸ್ಟಸ್‌ನಂಥ ಪಾತ್ರಗಳನ್ನು ಮಾಡಿ ಹೆಸರಾದ ನಟ ಎಡ್ವರ್ಡ್ ಆಲಿನ್ ರಂಗಭೂಮಿಯಲ್ಲಿ ದುಡಿದ ಹಣದಿಂದ 1619ರಲ್ಲಿ ಲಂಡನ್ನಿನ ದಕ್ಷಿಣಕ್ಕೆ ಡಲ್ವಿಚ್ ಕಾಲೇಜನ್ನು ಸ್ಥಾಪಿಸಿದ. ಅವನ ಮಾವ, ರಂಗಮಂದಿರದ ಮಾಲೀಕ ಫಿಲಿಪ್ ಹೆನ್ಸ್ಲೊನ ದಿನವಹಿ ಪುಸ್ತಕ ಇಂದಿಗೂ ಆ ಕಾಲೇಜಿನಲ್ಲಿದೆ. ಹಿಯರೋನಿಮೊನ ನಾಟಕದಿಂದ ಬಂದ ಹಣದ ಲೆಕ್ಕ ಅದರಲ್ಲಿದೆ. 1900ರಲ್ಲಿ ಆ ಶಾಲೆಗೆ ಸೇರಿ ಐದು ವರ್ಷ ಲ್ಯಾಟಿನ್, ಗ್ರೀಕ್ ಓದಿದ ಹುಡುಗ ರೇಮಂಡ್ ಚಾಂಡ್ಲರ್. ಅವನು ಮುಂದೆ ಸೃಷ್ಟಿಸಿದ ಪತ್ತೇದಾರನ ಹೆಸರು ಫಿಲಿಪ್ ಮಾರ್ಲೊ.

ಆದರೆ ಈ ಬಗೆಯ ಪತ್ತೇದಾರಿ ಕಥೆಗೆ ದಾರಿ ಹಾಕಿದವನು ಚಾಂಡ್ಲರ್ ಅಲ್ಲ, ಡಾಶಿಯಲ್ ಹ್ಯಾಮೆಟ್. ‘ಬ್ಲ್ಯಾಕ್ ಮಾಸ್ಕ್’ ಎಂಬ ಅಗ್ಗದ ಕಾಗದದ ಪತ್ರಿಕೆಗೆ ಬರೆಯುವ ಮುಂಚೆ ಅವನು ಪಿಂಕರ್ಟನ್ ಪತ್ತೇದಾರಿ ಕಂಪನಿಯ ನೌಕರ. ಗಣಿ ಮಾಲೀಕರ ಪರವಾಗಿ ಮುಷ್ಕರ ಮುರಿಯುವುದೂ ಆ ಕಂಪನಿಯ ದಂಧೆಯಾಗಿತ್ತು. 1929ರ ‘ರೆಡ್ ಹಾರ್ವೆಸ್ಟ್’ನಲ್ಲಿ ಅವನು ಕಟ್ಟಿದ ಗಣಿಪಟ್ಟಣ ಪರ್ಸನ್‌ವಿಲ್, ಜನರ ಬಾಯಲ್ಲಿ ಅದು ಪಾಯ್ಸನ್‌ವಿಲ್, ವಿಷದೂರು. ಊರಿನ ಧಣಿ ಎಲಿಹು ವಿಲ್ಸನ್ ಮುಷ್ಕರ ಹತ್ತಿಕ್ಕಲು ಗೂಂಡಾಗಳನ್ನು ಕರೆಸಿದ್ದ. ಕೆಲಸ ಮುಗಿದ ಮೇಲೆ ಅವರು ಹೋಗಲಿಲ್ಲ, ಊರನ್ನೇ ಹಂಚಿಕೊಂಡರು. ಪೊಲೀಸ್ ಮುಖ್ಯಸ್ಥನೂ ಅವರಲ್ಲೊಬ್ಬ. ಇದನ್ನು ಶುಚಿ ಮಾಡಲು ಬಂದ ಪತ್ತೇದಾರನಿಗೆ ಕಾದಂಬರಿಯಲ್ಲಿ ಹೆಸರೇ ಇಲ್ಲ. ಅವನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಾನೆ, ಬೀದಿಬೀದಿಯಲ್ಲಿ ಹೆಣ ಬೀಳುತ್ತವೆ. ನಡುವೆ ಒಂದು ರಾತ್ರಿ ಡೈನಾ ಬ್ರ್ಯಾಂಡ್ ಎಂಬಾಕೆಯ ಮನೆಯಲ್ಲಿ ಕೂತು, ಕೊಲ್ಲಿಸುವುದರಲ್ಲಿ ತನಗೆ ರುಚಿ ಹತ್ತುತ್ತಿದೆ, ಈ ಊರಿನ ಜ್ವರ ತನಗೂ ತಗುಲಿದೆ ಎಂದು ಬಾಯಿಬಿಡುತ್ತಾನೆ. ಜಿನ್ ಜೊತೆ ಅಫೀಮಿನ ದ್ರಾವಣ ಕುಡಿದು ಮಲಗುತ್ತಾನೆ. ಬೆಳಿಗ್ಗೆ ಎಚ್ಚರವಾದಾಗ ಅವನ ಬಲಗೈಯಲ್ಲಿ ಮಂಜುಗಡ್ಡೆ ಕುಟ್ಟುವ ಚೂಪುಗೂಟದ ಹಿಡಿ ಇದೆ, ಅದರ ಮೊನೆ ಡೈನಾಳ ಎದೆಯಲ್ಲಿದೆ.

ಕೊಂದವನು ಬೇರೆಯವನೆಂದು ಆಮೇಲೆ ತಿಳಿಯುತ್ತದೆ. ಆದರೆ ಎಷ್ಟೋ ಪುಟಗಳವರೆಗೆ ಅವನಿಗೇ ಅದು ಗೊತ್ತಿಲ್ಲ. ನಾನಲ್ಲ ಎನ್ನುವ ಧೈರ್ಯ ಅವನಿಗಿಲ್ಲ. ಅವನ ಜೊತೆಗಾರನೇ ಅವನನ್ನು ಶಂಕಿಸುತ್ತಾನೆ. ಷರ್ಲಾಕ್ ಹೋಮ್ಸ್‌ಗೆ ಇಂಥ ಬೆಳಗು ಎಂದಾದರೂ ಬರುತ್ತಿತ್ತೇ? ಕೊನೆಗೆ ಸೈನಿಕ ಆಡಳಿತ ಬಂದು ಊರು ತಣ್ಣಗಾಗುತ್ತದೆ, ಮತ್ತೆ ಅದೇ ಎಲಿಹುವಿನ ಕೈಸೇರುತ್ತದೆ. ಅಷ್ಟು ರಕ್ತ ಹರಿದದ್ದು ಧಣಿಗೆ ಅವನ ಊರನ್ನು ಮರಳಿ ಕೊಡುವುದಕ್ಕೆ. ಇದಕ್ಕಿಂತ ಕಹಿಯಾದ ಐದನೇ ಅಂಕವನ್ನು ವೆಬ್‌ಸ್ಟರ್ ಕೂಡ ಬರೆಯಲಿಲ್ಲ.

ಬರೆದವರ ಬದುಕೂ ಇಲ್ಲಿ ನೆನಪಾಗುತ್ತದೆ. ಹಿಯರೋನಿಮೊ ಚಿತ್ರಹಿಂಸೆಯ ಬೆದರಿಕೆ ಬಂದಾಗ ಬಾಯಿಬಿಡಬಾರದೆಂದು ತನ್ನ ನಾಲಿಗೆಯನ್ನೇ ಕಚ್ಚಿ ಉಗುಳುತ್ತಾನೆ. ಆ ದೃಶ್ಯ ಬರೆದ ಕಿಡ್‌ನನ್ನು 1593ರ ಮೇ ತಿಂಗಳಲ್ಲಿ ಬಂಧಿಸಿ ಹಿಂಸಿಸಿದರು. ಕೋಣೆಯಲ್ಲಿ ಸಿಕ್ಕ ಧರ್ಮವಿರೋಧಿ ಕಾಗದಗಳು ಜೊತೆಯಲ್ಲಿದ್ದು ಬರೆಯುತ್ತಿದ್ದ ಕ್ರಿಸ್ಟೋಫರ್ ಮಾರ್ಲೊನವು ಎಂದು ಅವನು ಹೇಳಿದ. ಅದೇ ತಿಂಗಳ 30ರಂದು ಮಾರ್ಲೊ ಡೆಟ್‌ಫರ್ಡ್‌ನ ಮನೆಯೊಂದರಲ್ಲಿ, ಬೇಹುಗಾರಿಕೆಯ ನಂಟಿದ್ದವರ ನಡುವೆ, ಇರಿತಕ್ಕೆ ಬಲಿಯಾದ. ಮರುವರ್ಷ ಕಿಡ್ ಕೂಡ ತೀರಿಕೊಂಡ. ಅವನನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಹ್ಯಾಮೆಟ್‌ನನ್ನು 1951ರಲ್ಲಿ, ಎಡಪಂಥೀಯರ ಜಾಮೀನು ನಿಧಿಗೆ ಹಣ ಕೊಟ್ಟವರ ಹೆಸರು ಹೇಳೆಂದು ಅಮೆರಿಕದ ನ್ಯಾಯಾಲಯ ಕೇಳಿತು. ಹೇಳದೆ ಜೈಲಿಗೆ ಹೋದ. ಆ ಹೆಸರುಗಳು ಅವನಿಗೆ ಗೊತ್ತೇ ಇರಲಿಲ್ಲ, ಹಾಗೆಂದು ಹೇಳುವುದಕ್ಕೂ ಅವನು ಒಪ್ಪಲಿಲ್ಲ ಎಂದು ಅವನ ಸಂಗಾತಿ ಲಿಲಿಯನ್ ಹೆಲ್ಮನ್ ಮುಂದೆ ಬರೆದಳು.

ಚಾಂಡ್ಲರ್‌ಗೆ ತನ್ನ ನಾಯಕನ ಮೇಲೆ ಹೆಚ್ಚು ಅಕ್ಕರೆ. 1939ರ ‘ದಿ ಬಿಗ್ ಸ್ಲೀಪ್’ ಶುರುವಾಗುವುದೇ ಸ್ಟರ್ನ್‌ವುಡ್ ಬಂಗಲೆಯ ಬಣ್ಣದ ಗಾಜಿನ ಚಿತ್ರದಿಂದ: ಮರಕ್ಕೆ ಕಟ್ಟಿದ ಹೆಣ್ಣನ್ನು ಬಿಡಿಸಲು ಒದ್ದಾಡುತ್ತಿರುವ ಕುದುರೆಯೋಧ. ಆ ಕೆಲಸ ಅವನಿಂದಾಗುತ್ತಿಲ್ಲ, ಒಂದು ದಿನ ತಾನೇ ಹತ್ತಿ ಸಹಾಯ ಮಾಡಬೇಕಾದೀತು ಎಂದುಕೊಳ್ಳುತ್ತಾನೆ ಮಾರ್ಲೊ. ಕಥೆಯ ಕೊನೆಗೆ ತಿಳಿಯುವ ಸತ್ಯ: ಕೊಲೆ ಮಾಡಿದವಳು ಮನೆಯ ಕಿರಿಮಗಳು, ಹೆಣ ಬಿದ್ದಿರುವುದು ಆ ಮನೆತನಕ್ಕೆ ಸಂಪತ್ತು ತಂದ ಎಣ್ಣೆಬಾವಿಗಳ ಹೊಲಸು ಗುಂಡಿಯಲ್ಲಿ. ಚಾಂಡ್ಲರ್ ಸ್ವತಃ ಎಣ್ಣೆ ಕಂಪನಿಯಲ್ಲಿ ಅಧಿಕಾರಿಯಾಗಿದ್ದು, ಕುಡಿತದಿಂದಾಗಿ 1932ರಲ್ಲಿ ಕೆಲಸ ಕಳೆದುಕೊಂಡವನು. ಆ ಗುಂಡಿಯ ವಾಸನೆ ಅವನಿಗೆ ಪುಸ್ತಕದಿಂದ ಬಂದದ್ದಲ್ಲ. ಮನೆಯ ಯಜಮಾನ, ಸಾಯುತ್ತಿರುವ ಮುದುಕ ಜನರಲ್‌ಗೆ ನೋವಾಗದಿರಲೆಂದು ಮಾರ್ಲೊ ಸತ್ಯವನ್ನು ಮುಚ್ಚಿಡುತ್ತಾನೆ, ಆ ಹೊಲಸಿನಲ್ಲಿ ಈಗ ತನಗೂ ಪಾಲಿದೆ ಎಂದು ಒಪ್ಪಿಕೊಳ್ಳುತ್ತಾನೆ. ಚೆಲುವಾದ ಬರಹ, ನಿಜ. ಆದರೆ ಈ ಒಪ್ಪಿಗೆಯಿಂದ ಮಾರ್ಲೊ ಓದುಗರ ಕಣ್ಣಲ್ಲಿ ಇನ್ನಷ್ಟು ಒಳ್ಳೆಯವನಾಗುತ್ತಾನೆ, ನನ್ನ ತಕರಾರು ಇದೇ. ಹ್ಯಾಮೆಟ್‌ನ ನಾಯಕನಿಗೆ ಆ ಸಮಾಧಾನ ಸಿಗುವುದಿಲ್ಲ.

ಎರಡೂ ಪರಂಪರೆಗಳ ದೊಡ್ಡ ಋಣವೊಂದನ್ನು ಹೇಳದೆ ಬಿಡಲಾಗದು. ನಾಯಕನ ಆತ್ಮಶೋಧನೆಯ ಬೆಲೆ ತೆರುವವರು ಹೆಂಗಸರು. ಗ್ಲೋರಿಯಾನ, ಡಚೆಸ್, ಡೈನಾ ಸಾಯುತ್ತಾರೆ. ಗಂಡಸು ಅದರಿಂದ ಪಾಠ ಕಲಿಯುತ್ತಾನೆ. ವೆಬ್‌ಸ್ಟರ್ ಇದನ್ನು ಅರಿತಿದ್ದ. 1612ರ ‘ದಿ ವೈಟ್ ಡೆವಿಲ್’ನಲ್ಲಿ ವಿಟ್ಟೋರಿಯಾಳ ವಿಚಾರಣೆ ನಡೆಸುವ ಕಾರ್ಡಿನಲ್‌ನೇ ಆರೋಪ ಹೊರಿಸುವವನು, ಅವನೇ ತೀರ್ಪು ಕೊಡುವವನು. ಅದನ್ನು ಅವಳು ಅವನ ಮುಖಕ್ಕೇ ಹೇಳುತ್ತಾಳೆ. ತಪ್ಪು ಅವಳಲ್ಲೂ ಉಂಟು, ಆದರೂ ಆ ಸಭೆಯಲ್ಲಿ ನೆಟ್ಟಗೆ ನಿಂತವಳು ಅವಳೊಬ್ಬಳೇ. ‘ದಿ ಮಾಲ್ಟೀಸ್ ಫಾಲ್ಕನ್’ನ ಬ್ರಿಜಿಡ್‌ಗೆ ಹ್ಯಾಮೆಟ್ ಅಂಥ ಸಭೆಯನ್ನು ಕೊಡಲಿಲ್ಲ.

1930ರ ಆ ಕಾದಂಬರಿ ನಾಟಕಕಾರರಿಗೆ ಹೊಳೆಯದಿದ್ದ ಒಂದು ಶಿಕ್ಷೆಯನ್ನು ಕಂಡುಹಿಡಿಯಿತು. ರಂಗದಲ್ಲಿ ಸೇಡಿನವನು ಸಾಯಲೇಬೇಕು. ಹಿಯರೋನಿಮೊ ಏನೂ ತಪ್ಪು ಮಾಡದ, ಕೊಲೆಗಾರನ ತಂದೆಯನ್ನೂ ಇರಿದು ತಾನೂ ಇರಿದುಕೊಳ್ಳುತ್ತಾನೆ. ಅಲ್ಲಿಗೆ ಲೆಕ್ಕ ಚುಕ್ತಾ. ಈ ಕಾದಂಬರಿಯ ಪತ್ತೇದಾರ ಸ್ಯಾಮ್ ಸ್ಪೇಡ್ ಬದುಕಿರಬೇಕು. ಕೊಲೆಯಾದ ಪಾಲುದಾರ ಆರ್ಚರ್ ಎಂದರೆ ಅವನಿಗೆ ಅಷ್ಟಕ್ಕಷ್ಟೇ, ಆರ್ಚರನ ಹೆಂಡತಿ ಐವಾಳ ಜೊತೆ ಅವನಿಗೆ ಸಂಬಂಧವಿತ್ತು. ಕೊಲೆಯಾದ ದಿನವೇ ಬಾಗಿಲ ಮೇಲಿನ ಹೆಸರು ಬದಲಾಯಿಸಲು ಹೇಳುತ್ತಾನೆ. ಹಾಗಿದ್ದೂ ತಾನು ಪ್ರೀತಿಸುತ್ತಿರಬಹುದಾದ ಬ್ರಿಜಿಡ್‌ಳನ್ನು ಅದೇ ಕೊಲೆಗಾಗಿ ಪೊಲೀಸರಿಗೆ ಒಪ್ಪಿಸುತ್ತಾನೆ. ಒಂದೊಂದಾಗಿ ಕಾರಣಗಳನ್ನು ಎಣಿಸುವಾಗ ಪಾಲುದಾರನ ಋಣ, ವೃತ್ತಿಯ ನಿಯಮ, ಸ್ವಂತ ಕತ್ತಿನ ಚಿಂತೆ ಎಲ್ಲ ಬೆರೆತುಹೋಗುತ್ತವೆ. ಯಾವುದು ನಿಜವಾದದ್ದೆಂದು ಅವನಿಗೂ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ ಕಚೇರಿಗೆ ಬಂದರೆ ಕಾರ್ಯದರ್ಶಿ ಎಫಿ, ಅವನು ಮಾಡಿದ್ದು ಸರಿ ಎಂದು ಒಪ್ಪುತ್ತಾಳೆ, ಈಗ ಮಾತ್ರ ತನ್ನನ್ನು ಮುಟ್ಟಬೇಡ ಎನ್ನುತ್ತಾಳೆ. ಹೊರಗೆ ಐವಾ ಕಾದಿದ್ದಾಳೆ. ಸರಿಯಾದದ್ದನ್ನು ಮಾಡಿದ್ದಕ್ಕೆ ಸಿಕ್ಕ ಬಹುಮಾನ ಇಷ್ಟು.

ಹ್ಯಾಮೆಟ್ 1932ರಲ್ಲಿ ಸ್ಪೇಡ್‌ನನ್ನು ಮೂರು ಸಣ್ಣ ಕಥೆಗಳಿಗೆ ಮತ್ತೆ ಕರೆದ. ಮೂರೂ ನನಗೆ ಸಪ್ಪೆ ಎನಿಸುತ್ತವೆ. ಅವುಗಳಲ್ಲಿ ಸ್ಪೇಡ್ ಜಾಣ ಪತ್ತೇದಾರ ಮಾತ್ರ. ಕೊಲೆಗಾರನನ್ನು ಹಿಡಿಯುವುದಕ್ಕೆ ತನ್ನದೆಂಬುದೇನನ್ನೂ ಅವನು ತೆರಬೇಕಾಗಿಲ್ಲ.