ಕಿವಿಗೆ ಹತ್ತಿರದ ಮಾತು

ಪ್ರಶ್ನೆ: ಕೆಲವು ಪಾಡ್‌ಕಾಸ್ಟ್‌ಗಳನ್ನು ಕೊನೆಯವರೆಗೂ ಕೇಳುತ್ತೇವೆ, ಕೆಲವನ್ನು ಐದೇ ನಿಮಿಷಕ್ಕೆ ನಿಲ್ಲಿಸಿಬಿಡುತ್ತೇವೆ. ಏಕೆ?

ಉತ್ತರ: ಮೊದಲ ಕಾರಣ ದನಿ. ವಿಷಯ ಎಷ್ಟೇ ಚೆನ್ನಾಗಿರಲಿ, ಖಾಲಿ ಕೋಣೆಯ ಗೋಡೆಗೆ ಬಡಿದು ವಾಪಸು ಬರುವ ಮಾತನ್ನು ಕಿವಿ ಹೆಚ್ಚು ಹೊತ್ತು ಸಹಿಸುವುದಿಲ್ಲ. ಇದಕ್ಕೆ ದುಬಾರಿ ಸ್ಟುಡಿಯೊ ಬೇಕಿಲ್ಲ. ಹಾಸಿಗೆ, ದಪ್ಪ ಪರದೆ, ಬಾಗಿಲು ತೆರೆದಿಟ್ಟ ಬಟ್ಟೆ ಬೀರು ಇದ್ದರೆ ಪ್ರತಿಧ್ವನಿ ಬಹಳಷ್ಟು ಅಡಗುತ್ತದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಫಲ’, ‘ಭಾಷೆ’ ಎಂದು ಒತ್ತಿ ಹೇಳಿ ನೋಡಿ. ಕೈಗೆ ತಟ್ಟುವ ಆ ಉಸಿರೇ ಮೈಕಿಗೆ ನೇರವಾಗಿ ಹೊಡೆದರೆ ‘ದಬ್’ ಎಂಬ ಸದ್ದಾಗುತ್ತದೆ. ಮೈಕನ್ನು ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಇಟ್ಟರೆ ಸಾಕು.

ಆದರೆ ಕೇಳುಗರನ್ನು ಹಿಡಿದು ಕೂರಿಸುವುದು ತಯಾರಿ. 2014ರಲ್ಲಿ ಬಂದ ಅಮೆರಿಕದ ‘ಸೀರಿಯಲ್’ ಪಾಡ್‌ಕಾಸ್ಟ್ ಕೇಳಿ. ಬಾಲ್ಟಿಮೋರ್‌ನ 1999ರ ಒಂದೇ ಕೊಲೆ ಪ್ರಕರಣವನ್ನು ನಿರೂಪಕಿ ಸಾರಾ ಕೇನಿಗ್ 12 ಕಂತುಗಳಲ್ಲಿ ಬಿಡಿಸಿದರು. ಆ ಪ್ರಕರಣದಲ್ಲಿ ಬರುವ ಶಾಲೆಯಿಂದ ಅಂಗಡಿಯವರೆಗೆ 21 ನಿಮಿಷದಲ್ಲಿ ತಲುಪಲು ಸಾಧ್ಯವೇ ಎಂದು ಆ ದಾರಿಯಲ್ಲಿ ತಾವೇ ಕಾರಿನಲ್ಲಿ ಹೋಗಿ ನೋಡಿದರು. ತಮ್ಮ ಅನುಮಾನಗಳನ್ನೂ ಮುಚ್ಚಿಡಲಿಲ್ಲ. ನನಗೆ ಆ ಪ್ರಾಮಾಣಿಕತೆಯೇ ಎಲ್ಲಕ್ಕಿಂತ ದೊಡ್ಡದು. ‘ಸೀರಿಯಲ್’ಗೆ ಪೀಬಾಡಿ ಪ್ರಶಸ್ತಿಯೂ ಬಂತು.

ಸಂದರ್ಶನವಾದರೆ, ಅತಿಥಿ ಒಂದು ಕ್ಷಣ ತಡೆದಾಗ ನಿರೂಪಕರು ಬಾಯಿ ಹಾಕಬಾರದು. ಮನಸ್ಸಿನ ಮಾತು ಎಷ್ಟೋ ಸಲ ಆ ಮೌನದ ಬೆನ್ನಿಗೇ ಬರುತ್ತದೆ. ಕೇಳುವವರು ಪಾತ್ರೆ ತೊಳೆಯುತ್ತಲೋ ಬಸ್ಸಿನಲ್ಲಿ ನಿಂತೋ ಇರುತ್ತಾರೆ. ಅವರಿಗಾಗಿ ವಾಕ್ಯ ಚಿಕ್ಕದಿರಲಿ, ಹೆಸರನ್ನು ಇನ್ನೊಮ್ಮೆ ಹೇಳಲಿ.